ಮನಸ್ಸಿನ ಬಗ್ಗೆ ಸಂಶೋಧನೆಗೆ ಹೊರಡುವ ಮುಂಚೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಿದ್ಯಾರ್ಥಿಗಳಿಗೆ ಒಂದು ಮಾರ್ಗದರ್ಶಿ

ಎಂ.ಎ. ಸೈಕಾಲಜಿ, ಎಂಎಸ್‌ಡಬ್ಲ್ಯೂ, ಎಂ.ಎಡ್., ನರ್ಸಿಂಗ್, ಯಾವ ಕೋರ್ಸ್ ಆದರೂ ಕೊನೆಯ ವರ್ಷಕ್ಕೆ ಒಂದು ಪ್ರಾಜೆಕ್ಟ್ ಇದ್ದೇ ಇರುತ್ತದೆ. ಪ್ರಶ್ನಾವಳಿ ಝೆರಾಕ್ಸ್ ಮಾಡಿಸಿ, ನೂರು ಜನರ ಹತ್ತಿರ ತುಂಬಿಸಿ, ಕೆಳಗೊಂದು ಸಹಿ ಹಾಕಿಸಿಕೊಂಡರೆ ನೈತಿಕ ನಿಯಮ ಪಾಲಿಸಿದಂತೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಸಹಿ ಬೇಕು, ನಿಜ. ಆದರೆ ಎಲ್ಲ ನಿಯಮಗಳ ಬುಡದಲ್ಲಿ ಇರುವ ಪ್ರಶ್ನೆ ಇಷ್ಟೇ: ನಿಮ್ಮ ಎದುರು ಕೂತವರು "ಬೇಡ" ಅನ್ನಬಹುದೇ? ಹಾಗೆ ಅಂದರೆ ಅವರಿಗೆ ಏನೂ ನಷ್ಟ ಆಗುವುದಿಲ್ಲವೇ? ಪ್ರತಿ ಹಂತದಲ್ಲೂ ಇದನ್ನೇ ಕೇಳಿಕೊಳ್ಳಿ. ಪ್ರಾಣಿಗಳಿಗೆ ಬೇಡ ಅನ್ನಲು ಬಾಯಿಲ್ಲ. ಅದಕ್ಕೇ ಅವುಗಳ ಪರವಾಗಿ ಬೇಡ ಅನ್ನುವ ಸಮಿತಿಯನ್ನು ಕಾನೂನೇ ಕೂರಿಸಿದೆ.

ಈ ನಿಯಮಗಳು ಸುಮ್ನೆ ಹುಟ್ಟಿದವಲ್ಲ. ನಾಜಿ ವೈದ್ಯರ ವಿಚಾರಣೆ ಮುಗಿದಾಗ, 1947ರಲ್ಲಿ, ನ್ಯೂರೆಂಬರ್ಗ್ ಸಂಹಿತೆ ಬಂತು. ಸ್ವಂತ ಇಚ್ಛೆಯ ಒಪ್ಪಿಗೆ ಇಲ್ಲದೆ ಪ್ರಯೋಗ ಇಲ್ಲ ಅನ್ನುವುದೇ ಅದರ ಮೊದಲ ಮಾತು. ಅಮೆರಿಕದ ಟಸ್ಕೆಗೀಯಲ್ಲಿ 1932ರಿಂದ 1972ರವರೆಗೆ ಬಡ ಕಪ್ಪು ಜನರ ಸಿಫಿಲಿಸ್ ರೋಗಕ್ಕೆ ಮದ್ದು ಕೊಡದೆ, ಅವರಿಗೆ ನಿಜ ಹೇಳದೆ, ರೋಗ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾ ಕೂತರು. ಆ ಸಂಗತಿ ಹೊರಬಿದ್ದ ಮೇಲೆ 1979ರಲ್ಲಿ, ಮನುಷ್ಯರ ಮೇಲಿನ ಸಂಶೋಧನೆಗೆ ನೈತಿಕ ತತ್ವಗಳನ್ನು ಹೇಳುವ ಬೆಲ್ಮಾಂಟ್ ವರದಿ ಬಂತು. ನಮ್ಮಲ್ಲಿ ಈಗ ಕೈಯಲ್ಲಿ ಇಟ್ಟುಕೊಳ್ಳಬೇಕಾದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿ. ಹೆಸರಿನಲ್ಲಿ ವೈದ್ಯಕೀಯ ಅಂತ ಇದ್ದರೂ ಆರೋಗ್ಯಕ್ಕೆ ಸಂಬಂಧಿಸಿದ ಸಾಮಾಜಿಕ ಮತ್ತು ವರ್ತನೆಯ ಸಂಶೋಧನೆಗೆ ಅದರಲ್ಲಿ ಬೇರೆ ಅಧ್ಯಾಯವೇ ಇದೆ.

ಮೊದಲು, ಯಾರನ್ನು ಆರಿಸುತ್ತೀರಿ ಅಂತ ಯೋಚಿಸಿ

ವಿಷಯ ಆರಿಸುವಾಗಲೇ ಅರ್ಧ ನೀತಿ ತೀರ್ಮಾನ ಆಗಿಬಿಡುತ್ತದೆ. ಸವದತ್ತಿ ಕಡೆಯ ಮಾಜಿ ದೇವದಾಸಿಯರು, ಆಲಮಟ್ಟಿ ಹಿನ್ನೀರಿಗೆ ಮನೆ ಕಳಕೊಂಡವರು, ಆತ್ಮಹತ್ಯೆ ಮಾಡಿಕೊಂಡ ರೈತರ ಮನೆಯವರು, ಕಬ್ಬು ಕಡಿಯುವ ಗ್ಯಾಂಗಿನವರು, ಹಿಂಡಲಗಾ ಜೈಲಿನ ಕೈದಿಗಳು. ಇವರೆಲ್ಲ ಪ್ರಾಜೆಕ್ಟಿಗೆ "ಒಳ್ಳೆ ಟಾಪಿಕ್" ಅನ್ನಿಸುತ್ತಾರೆ. ಸುಲಭವಾಗಿ ಸಿಗುತ್ತಾರೆ, ಬೈಯುವುದಿಲ್ಲ, ಎದ್ದು ಹೋಗುವುದಿಲ್ಲ. ಅದೇ ಕಾರಣಕ್ಕೆ ಅವರನ್ನು ಆರಿಸುವುದಾದರೆ ಆ ಟಾಪಿಕ್ ಬಿಡಿ. ಒಂದು ಗುಂಪಿನ ತ್ರಾಸು ತಿಳಿದರೆ ಆ ಗುಂಪಿಗೇ ಏನಾದರೂ ಉಪಯೋಗ ಇದೆಯೇ ಅಂತ ಗೈಡ್ ಜೊತೆ ಕೂತು ಮಾತಾಡಿ. ಕಾಲೇಜು ಹುಡುಗರ ಮೇಲೆ ಮಾಡಿದರೂ ಉತ್ತರ ಸಿಗುವ ಪ್ರಶ್ನೆಗೆ ನೊಂದವರ ಮನೆ ಬಾಗಿಲು ತಟ್ಟುವುದು ನ್ಯಾಯವಲ್ಲ.

ತಮ್ಮ ಕ್ಲಾಸಿನ ಮಕ್ಕಳ ಮೇಲೇ ಸಂಶೋಧನೆ ಮಾಡುವ ಶಿಕ್ಷಕರಿಗೂ ಒಂದು ಮಾತು. ಇಂಟರ್ನಲ್ ಅಂಕ ಕೊಡುವವರು ನೀವೇ ಆಗಿದ್ದಾಗ ಯಾವ ಹುಡುಗಿ ತಾನೇ "ಸರ್, ನಾನು ತುಂಬುವುದಿಲ್ಲ" ಅಂದಾಳು? ಬೇರೆ ಕಾಲೇಜು ಹುಡುಕಿ. ಆಗದಿದ್ದರೆ ಫಾರ್ಮ್ ಕೊಡುವುದು, ವಾಪಸ್ ಪಡೆಯುವುದು ಎರಡನ್ನೂ ಬೇರೆಯವರಿಗೆ ಒಪ್ಪಿಸಿ, ಯಾರು ತುಂಬಿದರು ಅನ್ನುವುದು ನಿಮಗೆ ಗೊತ್ತಾಗದಂತೆ ನೋಡಿಕೊಳ್ಳಿ.

ಎಥಿಕ್ಸ್ ಕಮಿಟಿ

ಸಂಶೋಧನೆ ನೈತಿಕವಾಗಿ ಸರಿ ಇದೆಯೇ ಅಂತ ನೋಡುವ ಈ ಸಮಿತಿಯ ಅನುಮತಿ ಒಂದೇ ಒಂದು ಫಾರ್ಮ್ ತುಂಬಿಸುವ ಮೊದಲೇ ಕೈಯಲ್ಲಿರಬೇಕು. ಮಾಹಿತಿ ಸಂಗ್ರಹಿಸಿ ಆದ ಮೇಲೆ ಹಿಂದಿನ ತಾರೀಖಿಗೆ ಅನುಮತಿ ಅನ್ನುವುದು ಇಲ್ಲ. ಸಮಿತಿಯಲ್ಲಿ 7ರಿಂದ 15 ಸದಸ್ಯರು ಇರುತ್ತಾರೆ. ಅಧ್ಯಕ್ಷರು ಸಂಸ್ಥೆಯ ಹೊರಗಿನವರು. ಕಾನೂನು ಬಲ್ಲವರು, ಸಮಾಜ ವಿಜ್ಞಾನದವರು, ಜೊತೆಗೆ ಈ ವಿಷಯದ ಓದಿಲ್ಲದ ಒಬ್ಬ ಸಾಮಾನ್ಯ ವ್ಯಕ್ತಿಯೂ ಇರಬೇಕು. ನನ್ನ ಲೆಕ್ಕದಲ್ಲಿ ಈ ಕೊನೆಯವರ ಪ್ರಶ್ನೆಗಳೇ ಜಾಸ್ತಿ ಕೆಲಸಕ್ಕೆ ಬರುತ್ತವೆ, ಏಕೆಂದರೆ ನಿಮ್ಮ ಒಪ್ಪಿಗೆ ಪತ್ರವನ್ನು ಊರಿನವರ ಕಣ್ಣಿನಿಂದ ಓದುವವರು ಅವರೇ.

ನಿಮ್ಮ ಡಿಗ್ರಿ ಕಾಲೇಜಿನಲ್ಲಿ ಸಮಿತಿ ಇಲ್ಲ ಅಂದರೆ ಗಾಬರಿ ಬೇಡ. ಬೇರೆ ಸಂಸ್ಥೆಯ ಸಮಿತಿಯನ್ನು ಒಪ್ಪಂದದ ಮೇಲೆ ಬಳಸಲು ಐಸಿಎಂಆರ್ ಅವಕಾಶ ಕೊಟ್ಟಿದೆ. ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಮೆಡಿಕಲ್ ಕಾಲೇಜುಗಳಿವೆ, ವಿಶ್ವವಿದ್ಯಾಲಯದ ವಿಭಾಗಗಳಲ್ಲೂ ವಿಚಾರಿಸಿ. ಸಿನಾಪ್ಸಿಸ್, ಪ್ರಶ್ನಾವಳಿ, ಮಾಹಿತಿ ಪತ್ರ ಮತ್ತು ಒಪ್ಪಿಗೆ ಪತ್ರ (ನೀವು ಬಳಸುವ ಎಲ್ಲ ಭಾಷೆಗಳಲ್ಲೂ), ಶಾಲೆ ಅಥವಾ ಆಸ್ಪತ್ರೆಯ ಅನುಮತಿ ಪತ್ರ, ಯಾರಿಗಾದರೂ ಮನಸ್ಸಿಗೆ ನೋವಾದರೆ ಏನು ಮಾಡುತ್ತೀರಿ ಅನ್ನುವ ಬರಹ, ಇಷ್ಟನ್ನೂ ಒಟ್ಟಿಗೆ ಕೊಡಿ. ಅಪಾಯ ಕಡಿಮೆ ಇದ್ದರೆ ತ್ವರಿತ ಪರಿಶೀಲನೆ, ಜಾಸ್ತಿ ಇದ್ದರೆ ಪೂರ್ತಿ ಸಮಿತಿ ಕೂರುತ್ತದೆ. ಯಾವುದು ಅಂತ ತೀರ್ಮಾನ ಮಾಡುವುದು ಸಮಿತಿ, ನೀವಲ್ಲ.

ಪ್ರಶ್ನಾವಳಿಯ ಹಕ್ಕನ್ನೂ ಆಗಲೇ ನೋಡಿಕೊಳ್ಳಿ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಯಾರು ಬೇಕಾದರೂ ಬಳಸಬಹುದು. ಬೆಕ್ ಡಿಪ್ರೆಶನ್ ಇನ್ವೆಂಟರಿಗೆ ದುಡ್ಡು ಕೊಟ್ಟು ಪರವಾನಗಿ ಪಡೆಯಬೇಕು. ಸೀನಿಯರ್ ಕೊಟ್ಟ ಪಿಡಿಎಫ್ ಪರವಾನಗಿ ಆಗುವುದಿಲ್ಲ.

ಒಪ್ಪಿಗೆ ಕೇಳುವುದು

ಇಲ್ಲಿ ನಿಧಾನವಾಗಿ ಹೋಗೋಣ, ಏಕೆಂದರೆ ಬಹುತೇಕ ಎಡವಟ್ಟು ಆಗುವುದು ಇಲ್ಲೇ.

ರಬಕವಿ-ಬನಹಟ್ಟಿಯ ಪವರ್‌ಲೂಮ್ ಶೆಡ್ಡಿಗೆ ಹೋಗಿದ್ದೀರಿ ಅಂತ ಇಟ್ಟುಕೊಳ್ಳಿ. ಮಗ್ಗದ ಕೆಲಸ ಮಾಡುವ ಹೆಂಗಸರ ನಿದ್ದೆ ಮತ್ತು ಒತ್ತಡ ನಿಮ್ಮ ವಿಷಯ. ಮಾಲಕರು ಒಳ್ಳೆಯವರು. "ಬರ್ರಿ ಬರ್ರಿ, ಎಲ್ಲಾರ್ನೂ ಕರೀತೀನಿ" ಅಂತ ಸಾಲಾಗಿ ಕೂರಿಸುತ್ತಾರೆ. ಅಲ್ಲಿಗೆ ನಿಮ್ಮ ಸಂಶೋಧನೆ ಹಾಳಾಯ್ತು. ಮಾಲಕರು ನೋಡುತ್ತಿರುವಾಗ ಯಾರೂ ಒಲ್ಲೆ ಅನ್ನುವುದಿಲ್ಲ, ಯಾರೂ ನಿಜವನ್ನೂ ಹೇಳುವುದಿಲ್ಲ. ಮಾಲಕರ ಅನುಮತಿ ಅಂದರೆ ಶೆಡ್ಡಿನ ಒಳಗೆ ಬರಲು ಅನುಮತಿ, ಅಷ್ಟೇ. ಹೆಂಗಸರ ಒಪ್ಪಿಗೆಯನ್ನು ಅವರವರ ಹತ್ತಿರವೇ, ಪ್ರತ್ಯೇಕವಾಗಿ, ಸಾಧ್ಯವಾದರೆ ಅವರ ಮನೆಯಲ್ಲಿ ಅಥವಾ ಪಾಳಿ ಮುಗಿದ ಮೇಲೆ ಕೇಳಿ. ಶಾಲೆಯ ಹೆಡ್‌ಮಾಸ್ಟರ್, ಹಾಸ್ಟೆಲ್ ವಾರ್ಡನ್, ಆಶಾ ಕಾರ್ಯಕರ್ತೆ, ತಾಂಡಾದ ನಾಯಕರು, ಇವರೆಲ್ಲರ ವಿಷಯದಲ್ಲೂ ಹೀಗೇ.

ಹೇಗೆ ಕೇಳಬೇಕು? ಮಾಹಿತಿ ಪತ್ರದಲ್ಲಿ ಪುಸ್ತಕದ ಕನ್ನಡ ಇರಲಿ, ಬಾಯಲ್ಲಿ ಊರಿನ ಮಾತು ಇರಲಿ. ಹೆಚ್ಚು ಕಡಿಮೆ ಹೀಗೆ:

"ಅಕ್ಕಾರ, ನಾ ಜಮಖಂಡಿಯಾಗ ಎಂ.ಎ. ಓದಾಕತ್ತೀನ್ರಿ. ಮಗ್ಗದ ಕೆಲಸ ಮಾಡೋ ಹೆಣ್ಮಕ್ಕಳಿಗೆ ನಿದ್ದಿ ಹೆಂಗ ಬರತೈತಿ, ಮನಸಿಗೆ ಏನ್ ತ್ರಾಸ ಆಗತೈತಿ ಅಂತ ತಿಳ್ಕೊಳ್ಳಾಕ ಬಂದೀನ್ರಿ. ನಾ ಸರ್ಕಾರದಾಕಿ ಅಲ್ರಿ. ಇದರಿಂದ ರೇಷನ್ ಕಾರ್ಡು, ಮನಿ, ಪಗಾರ ಏನೂ ಸಿಗಂಗಿಲ್ಲ. ಅರ್ಧ ತಾಸು ಹಿಡಿತೈತ್ರಿ. ಒಂದೆರಡು ಪ್ರಶ್ನಿ ಕೇಳಿದ್ರ ಬ್ಯಾಸರ ಅನಸಬಹುದು. ಹೇಳಾಕ ಮನಸಿಲ್ಲಂದ್ರ ಆ ಪ್ರಶ್ನಿ ಬಿಡ್ರಿ. ನಡುವ ಸಾಕನಿಸಿದ್ರ ಎದ್ದು ಹೋಗ್ರಿ, ನಾ ಏನೂ ಅನ್ನಂಗಿಲ್ಲ. ನೀವು ಹೇಳಿದ್ದು ಮಾಲಕರಿಗಾಗಲಿ ಮನ್ಯಾವ್ರಿಗಾಗಲಿ ತಿಳ್ಯಂಗಿಲ್ಲ. ನಿಮ್ಮ ಜೀವಕ್ಕ ಅಪಾಯ ಐತಿ ಅನಿಸಿದ್ರ ಮಾತ್ರ ನೀವು ನಂಬೋರನ್ನ ಕರೀತೀನ್ರಿ. ಒಲ್ಲೆ ಅಂದ್ರೂ ನಡೀತೈತ್ರಿ."

ಇದರಲ್ಲಿ "ಸರ್ಕಾರದಾಕಿ ಅಲ್ಲ" ಅನ್ನುವುದನ್ನು ಬಿಡಲೇಬೇಡಿ. ಕೈಯಲ್ಲಿ ಫೈಲ್ ಹಿಡಿದು ಹೆಸರು ಬರೆದುಕೊಳ್ಳುವವರು ಬಂದರೆ ಯಾವುದೋ ಯೋಜನೆಗೆ ಸರ್ವೆ ಅಂತಲೇ ಜನ ತಿಳಿಯುತ್ತಾರೆ. ಆ ಆಸೆಯ ಮೇಲೆ ಸಿಕ್ಕ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಹೇಳಿ ಮುಗಿದ ಮೇಲೆ "ನಾ ಹೇಳಿದ್ದರಾಗ ನಿಮಗೇನ್ ತಿಳೀತ್ರಿ?" ಅಂತ ಕೇಳಿ, ಅವರ ಬಾಯಿಂದಲೇ ಕೇಳಿಸಿಕೊಳ್ಳಿ. ಯೋಜನೆ, ಸಾಲ ಅನ್ನುವ ಮಾತು ಬಂದರೆ ಮತ್ತೆ ಮೊದಲಿನಿಂದ ಹೇಳಿ.

ಬೇಡ ಅನ್ನುವುದನ್ನು ಕೇಳಿಸಿಕೊಳ್ಳಲು ಕಲಿಯಬೇಕು. ನಮ್ಮ ಕಡೆ ಮನೆಗೆ ಬಂದವರಿಗೆ ಯಾರೂ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವುದಿಲ್ಲ. "ನೋಡೂಣ್ರಿ, ನಾಳಿ ಬರ್ರಿ" ಅನ್ನುತ್ತಾರೆ. "ನಮ್ಮ ಯಜಮಾನ್ರು ಬರ್ಲಿ" ಅನ್ನುತ್ತಾರೆ. "ನೀವ ಹೆಂಗ ಬೇಕ ಹಂಗ ಬರಕೊಳ್ರಿ" ಅನ್ನುವುದೂ ಉಂಟು. ಇವು ಬಹಳ ಸಲ ಮರ್ಯಾದೆ ಉಳಿಸಿಕೊಂಡೇ ಹೇಳುವ ಬೇಡ. ಇನ್ನೊಮ್ಮೆ ಕೇಳಬಹುದು. ಆಮೇಲೂ ಅದೇ ಮಾತು ಬಂದರೆ ಚಹಾ ಕುಡಿದು, ನಮಸ್ಕಾರ ಹೇಳಿ ಹೊರಡಿ.

ಓದು ಬಾರದವರಿದ್ದರೆ ಹೆಬ್ಬೆಟ್ಟಿನ ಗುರುತು ಸಾಕು, ಆದರೆ ಸಂಶೋಧನೆಗೆ ಸಂಬಂಧವಿಲ್ಲದ ಒಬ್ಬ ಓದುಬಲ್ಲ ಸಾಕ್ಷಿ ಪೂರ್ತಿ ಮಾತುಕತೆಯಲ್ಲಿ ಕೂತಿದ್ದು ಸಹಿ ಹಾಕಬೇಕು. ಪತ್ರದ ಒಂದು ಪ್ರತಿ ಅವರಿಗೇ ಕೊಡಿ. ಖಾನಾಪುರ, ನಿಪ್ಪಾಣಿ ಕಡೆ ಮರಾಠಿ, ವಿಜಯಪುರದ ಹಲವು ಓಣಿಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಬೇಕಾಗುತ್ತದೆ. ಒಬ್ಬರು ಅನುವಾದ ಮಾಡಿ, ಮೂಲ ನೋಡದ ಇನ್ನೊಬ್ಬರು ಅದನ್ನು ತಿರುಗಿ ಅನುವಾದ ಮಾಡಲಿ. ಎರಡನ್ನೂ ಹೋಲಿಸಿದಾಗ ತಪ್ಪು ಎಲ್ಲಿದೆ ಅಂತ ತಾನಾಗೇ ಕಾಣುತ್ತದೆ.

ದುಡ್ಡಿನ ವಿಷಯ. ಕೂಲಿಯವರ ಹೊತ್ತನ್ನು ಪುಕ್ಕಟೆ ತೆಗೆದುಕೊಳ್ಳುವುದು ತಪ್ಪು. ತಪ್ಪಿದ ಕೂಲಿ, ಬಸ್ ಚಾರ್ಜ್ ಕೊಡಬಹುದು. ಆದರೆ ದುಡ್ಡಿನ ಆಸೆಗೇ ಒಪ್ಪುವಷ್ಟು ದೊಡ್ಡ ಮೊತ್ತ ಬೇಡ. ಎಷ್ಟು ಅಂತ ಸಮಿತಿಗೆ ಮೊದಲೇ ಬರೆದು ತೋರಿಸಿ.

ಮಕ್ಕಳು, ಮಾನಸಿಕ ಕಾಯಿಲೆ ಇರುವವರು, ಅಂಗವಿಕಲರು

18 ವರ್ಷದ ಒಳಗಿನವರಿಗೆ ಅಪ್ಪ ಅಥವಾ ಅಮ್ಮನ ಲಿಖಿತ ಒಪ್ಪಿಗೆ ಬೇಕು. ಅದರ ಜೊತೆ ಮಗುವಿನ ಸಮ್ಮತಿಯೂ ಬೇಕು: 7 ತುಂಬಿದ ಮೇಲೆ 12ರವರೆಗೆ ಬಾಯಿಮಾತಿನಲ್ಲಿ, ಆಮೇಲೆ 18ರವರೆಗೆ ಸರಳ ಭಾಷೆಯ ಬರಹದಲ್ಲಿ. ಅಮ್ಮ ಒಪ್ಪಿದರೂ ಮಗು ಮುಖ ತಿರುಗಿಸಿದರೆ ಅಲ್ಲಿಗೆ ಮುಗಿಯಿತು. 1920ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ವಾಟ್ಸನ್ ಮತ್ತು ರೇನರ್ ಇನ್ನೂ ವರ್ಷ ತುಂಬದ ಒಂದು ಕೂಸಿಗೆ ಬಿಳಿ ಇಲಿಯನ್ನು ಕಂಡರೆ ಹೆದರುವಂತೆ ಕಲಿಸಿದರು. ಆ ಹೆದರಿಕೆಯನ್ನು ತೆಗೆಯದೆಯೇ ಬಿಟ್ಟರು. ಈಗ ಯಾವ ಸಮಿತಿಯೂ ಅದಕ್ಕೆ ಒಪ್ಪುವುದಿಲ್ಲ.

ಮಾತಿನ ನಡುವೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. "ಯಾರಿಗೂ ಹೇಳುವುದಿಲ್ಲ" ಅಂತ ಮಗುವಿಗೆ ಪೂರ್ತಿ ಮಾತು ಕೊಡಬೇಡಿ. ಯಾವುದನ್ನು ಹೇಳಬೇಕಾಗುತ್ತದೆ ಅನ್ನುವುದನ್ನು ಒಪ್ಪಿಗೆ ಪತ್ರದಲ್ಲೇ ಬರೆಯಿರಿ.

ಮಾನಸಿಕ ಕಾಯಿಲೆ ಇರುವವರ ಮೇಲಿನ ಸಂಶೋಧನೆಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅನ್ವಯಿಸುತ್ತದೆ. ಅವರದೇ ಒಪ್ಪಿಗೆ ಬೇಕು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಸಂಶೋಧನೆಗೆ ಬೇರೆ ಸಮಿತಿಯ ಮುಂಚಿತ ಅನುಮತಿ ಕೇಳುತ್ತದೆ. ಅದರ ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಂತೆ ಅಂಗವಿಕಲರು ಅಥವಾ ಅವರ ನೋಂದಾಯಿತ ಸಂಘಗಳವರೇ ಇರಬೇಕು. ಎಂ.ಎ. ಪ್ರಾಜೆಕ್ಟಿನ ಅವಧಿಯಲ್ಲಿ ಇದೆಲ್ಲ ಆಗುವುದು ಕಷ್ಟ. ಅವರನ್ನು ನೋಡಿಕೊಳ್ಳುವ ಮನೆಯವರ ಬಗ್ಗೆ ಮಾಡುವುದು ವಾಸಿ.

ಉದ್ದೇಶ ಮುಚ್ಚಿಟ್ಟು ಮಾಡುವ ಪ್ರಯೋಗಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಮೆರಿಕದ ಮನೋವಿಜ್ಞಾನಿ ಮಿಲ್‌ಗ್ರಾಮ್ 1961ರಲ್ಲಿ ಶುರುಮಾಡಿದ ಪ್ರಯೋಗದಲ್ಲಿ ಜನ ಎದುರಿನವರಿಗೆ ನಿಜವಾಗಿ ಶಾಕ್ ಕೊಡುತ್ತಿದ್ದೇವೆ ಅಂತಲೇ ನಂಬಿ ಬೆವರಿದರು, ನಡುಗಿದರು. ಅವರು ನಿಲ್ಲಿಸಲು ಹೊರಟಾಗ "ಮುಂದುವರಿಸಲೇಬೇಕು" ಅಂತ ಒತ್ತಾಯ ನಡೆಯಿತು. ವಿದ್ಯಾರ್ಥಿ ಪ್ರಾಜೆಕ್ಟಿಗೆ ಮುಚ್ಚುಮರೆ ಬೇಡವೇ ಬೇಡ. ಬೇಕೇಬೇಕು ಅಂದರೆ ಸಮಿತಿಯ ಅನುಮತಿ ಪಡೆದು, ಮುಗಿದ ಕೂಡಲೇ ಎಲ್ಲವನ್ನೂ ಬಿಡಿಸಿ ಹೇಳಿ, "ಈಗ ನಿಮ್ಮ ಉತ್ತರ ತೆಗೆದುಹಾಕಲಾ?" ಅಂತ ಕೇಳಬೇಕು.

ನೋವು ಹೊರಗೆ ಬಂದರೆ

ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ ಸತ್ತರೇ ವಾಸಿ ಅನ್ನುವ ಯೋಚನೆ ಬರುತ್ತದೆಯೇ ಅಂತ ಕೇಳುತ್ತದೆ. ನೂರು ಫಾರ್ಮ್ ಚೀಲಕ್ಕೆ ತುಂಬಿಕೊಂಡು, ತಿಂಗಳಾದ ಮೇಲೆ ಅಂಕಿ-ಅಂಶ ಲೆಕ್ಕ ಹಾಕುವ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್‌ಗೆ ಹಾಕುವಾಗ ಯಾರೋ ಅಲ್ಲಿ "ಹೆಚ್ಚು ಕಡಿಮೆ ಪ್ರತಿದಿನ" ಅಂತ ಟಿಕ್ ಹಾಕಿದ್ದು ಕಂಡರೆ ಏನು ಮಾಡುತ್ತೀರಿ? ಆ ವ್ಯಕ್ತಿ ಒಬ್ಬ ಅಪರಿಚಿತರ ಮುಂದೆ ಬಾಯಿಬಿಟ್ಟು ಹೇಳಿದ್ದರು. ಹೇಳಿದ್ದನ್ನು ಯಾರೂ ಓದಲಿಲ್ಲ. ಇದಕ್ಕಿಂತ ದೊಡ್ಡ ದ್ರೋಹ ನಮ್ಮ ಕೆಲಸದಲ್ಲಿ ಇಲ್ಲ ಅಂತ ನನಗೆ ಅನ್ನಿಸುತ್ತದೆ.

ಹಾಗಾಗಿ ಇಂಥ ಪ್ರಶ್ನೆ ಇದ್ದರೆ ಹೆಸರಿಲ್ಲದ ಗೂಗಲ್ ಫಾರ್ಮ್ ಬಳಸಬೇಡಿ. ಎದುರಿಗೆ ಕೂತು ತುಂಬಿಸಿ, ಅವರು ಎದ್ದು ಹೋಗುವ ಮುಂಚೆ ಒಂಬತ್ತನೆಯ ಪ್ರಶ್ನೆಯನ್ನು ನೋಡಿ. ಸೊನ್ನೆ ಬಿಟ್ಟು ಬೇರೆ ಏನೇ ಇದ್ದರೂ ಪ್ರಶ್ನಾವಳಿ ಪಕ್ಕಕ್ಕಿಟ್ಟು ಮಾತಾಡಿ. ಈಗ ಆ ಯೋಚನೆ ಇದೆಯಾ, ಹೇಗೆ ಅಂತ ಯೋಚಿಸಿದ್ದೀರಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಯಾರ ತಲೆಯಲ್ಲೂ ಹೊಸದಾಗಿ ಆ ಯೋಚನೆ ಹುಟ್ಟುವುದಿಲ್ಲ. ಅಪಾಯ ಇದೆ ಅನ್ನಿಸಿದರೆ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿ ಅವರು ನಂಬುವವರನ್ನು ಕರೆಯಿರಿ, ಗೈಡ್‌ಗೆ ಅಲ್ಲಿಂದಲೇ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕೆಲಸ ಶುರುಮಾಡುವ ಮೊದಲೇ ಕಂಡು ಮಾತಾಡಿಡಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ಇದೆ. ನೀವು ಚಿಕಿತ್ಸಕರಲ್ಲ. ಅವರನ್ನು ಚಿಕಿತ್ಸಕರ ತನಕ ಮುಟ್ಟಿಸುವುದು ನಿಮ್ಮ ಹೊಣೆ.

ಗುಟ್ಟು ಕಾಯುವುದು

ಹೆಸರು ತೆಗೆದರೆ ಸಾಕು ಅನ್ನುವುದು ಬೆಂಗಳೂರಿಗೆ ನಡೆದೀತು. "ಇಳಕಲ್ ಹತ್ತಿರದ ಹಳ್ಳಿಯ ಮಾಜಿ ಪಂಚಾಯ್ತಿ ಅಧ್ಯಕ್ಷೆ, ವಿಧವೆ, ಇಬ್ಬರು ಹೆಣ್ಣುಮಕ್ಕಳು" ಅಂತ ಬರೆದರೆ ಆ ಭಾಗದವರಿಗೆಲ್ಲ ಯಾರು ಅಂತ ಗೊತ್ತಾಗುತ್ತದೆ. ಊರು, ವಯಸ್ಸು, ಹುದ್ದೆ ಈ ಮೂರರಲ್ಲಿ ಎರಡನ್ನಾದರೂ ಮಸುಕು ಮಾಡಿ. ಹೆಸರಿನ ಪಟ್ಟಿ ಒಂದು ಕಡೆ, ಕೋಡ್ ಹಾಕಿದ ಉತ್ತರ ಇನ್ನೊಂದು ಕಡೆ ಇರಲಿ. ಮಾತು ರೆಕಾರ್ಡ್ ಮಾಡಲು ಬೇರೆಯಾಗಿ ಒಪ್ಪಿಗೆ ಪಡೆಯಿರಿ. ಬರೆದುಕೊಂಡ ಮೇಲೆ ಧ್ವನಿಯನ್ನು ಎಷ್ಟು ದಿನ ಇಡುತ್ತೀರಿ ಅಂತ ಸಮಿತಿಗೆ ಹೇಳಿದ್ದೀರೋ ಅಷ್ಟು ದಿನ ಆದ ಕೂಡಲೇ ಅಳಿಸಿ. ತುಂಬಿದ ಫಾರ್ಮಿನ ಫೋಟೋ ಕ್ಲಾಸ್ ವಾಟ್ಸಾಪ್ ಗ್ರೂಪಿಗೆ ಹೋಗಲೇಬಾರದು.

ಟಾರ್ಗೆಟ್ ಮುಟ್ಟಲಿಲ್ಲ ಅಂತ ಮನೆಯಲ್ಲಿ ಕೂತು ತಾವೇ ಮೂವತ್ತು ಫಾರ್ಮ್ ತುಂಬುವುದು ನಡೆಯುತ್ತದೆ, ಎಲ್ಲರಿಗೂ ಗೊತ್ತು. ಅರವತ್ತೇ ಸಿಕ್ಕರೆ ಅರವತ್ತು ಅಂತ ಬರೆಯಿರಿ.

ಪ್ರಾಣಿಗಳು

ಇಲಿ, ಮೊಲದಂಥ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವುದಾದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮತ್ತು 1998ರ ನಿಯಮಗಳು ಅನ್ವಯಿಸುತ್ತವೆ. ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಕೇಂದ್ರದ ಸಮಿತಿಯಲ್ಲಿ ಸಂಸ್ಥೆ ನೋಂದಣಿ ಆಗಿರಬೇಕು. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಪ್ರತಿ ಪ್ರಯೋಗಕ್ಕೂ ಒಪ್ಪಬೇಕು, ಆ ಸಮಿತಿಯಲ್ಲಿ ಕೇಂದ್ರ ನೇಮಿಸಿದವರು ಇರಬೇಕು. ನೋಂದಣಿ ಇಲ್ಲದ ಕಾಲೇಜಿನ ಹಿಂದಿನ ಕೋಣೆಯಲ್ಲಿ ನಾಲ್ಕು ಇಲಿ ಸಾಕಿ, ಸುತ್ತುಬಳಸು ದಾರಿಗಳ ಪೆಟ್ಟಿಗೆಯಲ್ಲಿ (ಮೇಜ್) ಓಡಿಸುವುದು ಕಾನೂನು ಮುರಿದಂತೆ. ಪುಸ್ತಕ, ಮಾದರಿ, ಫಿಲಂನಿಂದ ಕಲಿಸಲು ಆಗುವುದಾದರೆ ಕಾಲೇಜುಗಳಲ್ಲಿ ಪ್ರಯೋಗ ಬಿಡಿ ಅಂತ ಕಾಯ್ದೆಯೇ ಹೇಳುತ್ತದೆ.

ಬ್ರಿಟಿಷ್ ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲಿ ಮೂರು ಮಾತು ಹೇಳಿದರು: ಪ್ರಾಣಿ ಇಲ್ಲದೆ ಆಗುವುದಾದರೆ ಹಾಗೇ ಮಾಡಿ, ಆಗದಿದ್ದರೆ ಎಷ್ಟು ಕಡಿಮೆ ಸಾಧ್ಯವೋ ಅಷ್ಟೇ ಬಳಸಿ, ಬಳಸಿದವಕ್ಕೆ ನೋವು ಕಡಿಮೆ ಆಗುವಂತೆ ವಿಧಾನ ಬದಲಿಸಿ. ನಮ್ಮ ದೇಶ ನಾಲ್ಕನೆಯದನ್ನು ಸೇರಿಸಿಕೊಂಡಿದೆ: ಪ್ರಯೋಗ ಮುಗಿದ ಮೇಲೆ ಪ್ರಾಣಿಗೆ ಪುನರ್ವಸತಿ. ಅದರ ಖರ್ಚನ್ನೂ ಬಜೆಟ್ಟಿನಲ್ಲಿ ಹಾಕಬೇಕು. ಮನೋವಿಜ್ಞಾನಿ ಹಾರ್ಲೋ ಮರಿಕೋತಿಗಳನ್ನು ತಾಯಿಯಿಂದ ಬೇರೆ ಮಾಡಿದ್ದು, ಸೆಲಿಗ್‌ಮನ್ ಮತ್ತು ಮೇಯರ್ 1967ರಲ್ಲಿ ನಾಯಿಗಳಿಗೆ ತಪ್ಪಿಸಿಕೊಳ್ಳಲಾಗದ ಶಾಕ್ ಕೊಟ್ಟದ್ದು ಇವತ್ತಿಗೂ ಪಠ್ಯದಲ್ಲಿದೆ. ಅವುಗಳಿಂದ ಮನುಷ್ಯರ ಖಿನ್ನತೆ, ತಾಯಿ-ಮಗುವಿನ ಬಂಧದ ಬಗ್ಗೆ ತಿಳಿಯಿತು ಅನ್ನುವುದು ನಿಜ. ಆ ಪ್ರಾಣಿಗಳು ಪಟ್ಟ ಪಾಡನ್ನೂ ಅದೇ ಪುಟದಲ್ಲಿ ಓದಬೇಕು.

ನಮ್ಮ ವಿದ್ಯಾರ್ಥಿಗಳಿಗೆ ಒಳ್ಳೆಯ ದಾರಿ ಅಂದರೆ ಮುಟ್ಟದೆ ನೋಡುವುದು. ಬಾದಾಮಿ ಗುಹೆಗಳ ಕೋತಿಗಳು ಪ್ರವಾಸಿಗರ ಕೈಚೀಲವನ್ನು ಹೇಗೆ ಗುರುತಿಸುತ್ತವೆ, ಓಣಿಯ ಬೀದಿನಾಯಿಗಳು ಯಾರನ್ನು ನೋಡಿ ಬೊಗಳುತ್ತವೆ, ಇವೆಲ್ಲ ಎಂ.ಎ. ಪ್ರಾಜೆಕ್ಟಿಗೆ ಧಾರಾಳ ಸಾಕು. ತಿಂಡಿ ಹಾಕಿ ಕರೆಯಬೇಡಿ: ಕೋತಿಗೆ ನೀವು ಕಲಿಸಿದ ಅಭ್ಯಾಸಕ್ಕೆ ಮುಂದೆ ಬರುವ ಮಗು ಕಚ್ಚಿಸಿಕೊಳ್ಳುತ್ತದೆ. ಮರಿಗಳ ಹತ್ತಿರ ಹೋಗಬೇಡಿ. ಕೋತಿಗಳನ್ನು ಹಿಡಿಯುವುದು, ಅವಕ್ಕೆ ಗುರುತು ಹಾಕುವುದು ಅಂದರೆ ವನ್ಯಜೀವಿ ಕಾಯ್ದೆ ಬರುತ್ತದೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಆಗುವುದಿಲ್ಲ.

ಮುಧೋಳ ನಾಯಿಯ ಬಗ್ಗೆ ಆಸಕ್ತಿ ಇದ್ದರೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ. ಅವರನ್ನು ಮೊದಲು ಕೇಳಿ. ಮನೆಗಳಲ್ಲಿ ಸಾಕಿದ ನಾಯಿಗಳ ಮೇಲೆ ಮಾಡುವುದಾದರೆ ಮಾಲಕರ ಒಪ್ಪಿಗೆ ಪಡೆಯಿರಿ, ಆಮೇಲೆ ನಾಯಿಯನ್ನೂ ನೋಡುತ್ತಿರಿ. ಎರಡು ಬಟ್ಟಲು ಮುಚ್ಚಿಟ್ಟು ಯಾವುದರ ಕೆಳಗೆ ತಿಂಡಿ ಇದೆ ಅಂತ ಹುಡುಕಿಸುವ ಸರಳ ಆಟದಲ್ಲೂ ಅದು ಬಾಲ ಮಡಚಿ ಹಿಂದೆ ಸರಿಯಬಹುದು, ಕಿವಿ ಹಿಂದಕ್ಕೆ ಒತ್ತಬಹುದು, ಸುಮ್ಮಸುಮ್ಮನೆ ಆಕಳಿಸಬಹುದು, ಮೂತಿ ನೆಕ್ಕಿಕೊಳ್ಳಬಹುದು. ಅಷ್ಟು ಕಂಡರೆ ಆಟ ನಿಲ್ಲಿಸಿ. ಬಾಗಿಲು ಸದಾ ತೆರೆದಿರಲಿ, ಹಗ್ಗ ಸಡಿಲ ಇರಲಿ. ಹಸಿದಿದ್ದರೆ ಚೆನ್ನಾಗಿ ಹುಡುಕುತ್ತದೆ ಅಂತ ಮಾಲಕರು ಊಟ ತಪ್ಪಿಸಲು ಹೊರಟರೆ ಬೇಡ ಅನ್ನಿ. ಬಿಸಿಲು ಕಾಲದಲ್ಲಿ ಬೆಳಗ್ಗೆ ಎಂಟರ ಒಳಗೇ ಮುಗಿಸಿ, ನೀರು ಪಕ್ಕದಲ್ಲೇ ಇಡಿ.

ಮುಗಿದ ಮೇಲೆ

ಬೈಂಡ್ ಮಾಡಿಸಿದ ಪ್ರತಿ ಗೈಡ್‌ಗೆ, ಲೈಬ್ರರಿಗೆ ಹೋಗುತ್ತದೆ. ಹೇಳಿದವರಿಗೆ ಏನೂ ಹೋಗುವುದಿಲ್ಲ. ಮಾಹಿತಿ ಕೊಟ್ಟ ಓಣಿಗೆ ಇನ್ನೊಮ್ಮೆ ಹೋಗಿ, ಹತ್ತು ನಿಮಿಷ ಕೂತು, ಏನು ಕಂಡಿತು ಅಂತ ಅವರ ಮಾತಿನಲ್ಲಿ ಹೇಳಿ. ಯಾರು ಏನು ಹೇಳಿದರು ಅನ್ನುವುದು ಹೊರಬೀಳಬಾರದು, ಒಟ್ಟಾರೆ ಮಾತ್ರ ಹೇಳಿ. ಮಗ್ಗದ ಹೆಂಗಸರಲ್ಲಿ ರಾತ್ರಿ ಪಾಳಿಯವರಿಗೆ ನಿದ್ದೆ ಕಡಿಮೆ ಅಂತ ಕಂಡಿದ್ದರೆ ಅವರಿಗೆ ಹೇಳಿ, ಅವರು ಒಪ್ಪಿದರೆ ಮಾತ್ರ ಮಾಲಕರಿಗೂ ಹೇಳಿ. "ನೀವು ಬರಕೊಂಡಿದ್ದು ತಪ್ಪೈತಿ, ನಮ್ಮದು ಹಂಗಲ್ಲ" ಅಂತ ಯಾರಾದರೂ ಅಂದರೆ ಅದನ್ನೂ ಬರೆದುಕೊಂಡು ವರದಿಯ ಮಿತಿಗಳ ಭಾಗಕ್ಕೆ ಸೇರಿಸಿ. ಅದಕ್ಕಾಗಿ ಈ ಭೇಟಿಯನ್ನು ವೈವಾಕ್ಕೆ ಮುಂಚೆಯೇ ಇಟ್ಟುಕೊಳ್ಳಿ.